ಹಾಲೂಡುವ ತಾಯಿಗೆ ನೆರವಾದವರು

'ಅಳದಿದ್ದರೆ ತಾಯಿಯೂ ಹಾಲು ಕೊಡಳು' ಎಂಬ ಗಾದೆಯು ನಮ್ಮ ನಾಡಿನಲ್ಲಿ ಕಚೇರಿಯ ಅರ್ಜಿದಾರನಿಂದ ಮೊದಲ್ಗೊಂಡು ಮನೆಯ ಮಕ್ಕಳವರೆಗೆ ಎಲ್ಲರ ಬಾಯಲ್ಲಿಯೂ ಬರುವುದುಂಟು. ಕೇಳಿದವರಿಗೇ ದೊರಕುವುದು ಎಂಬುದು ಅದರ ತಾತ್ಪರ್ಯ. ಆದರೆ ಆ ಮಾತಿನ ಒಳಗೆ ಇನ್ನೊಂದು ನಂಬಿಕೆಯೂ ಅಡಗಿದೆ. ತಾಯಿಯಲ್ಲಿ ಹಾಲು ಸದಾ ಸಿದ್ಧವಾಗಿರುವುದು, ಮಗು ಅತ್ತುದೇ ತಡ, ಕೊಡುವುದಷ್ಟೇ ಆಕೆಯ ಕೆಲಸ ಎಂಬುದೇ ಆ ನಂಬಿಕೆ. ಚೊಚ್ಚಲ ಹೆರಿಗೆಯಾದ ಮೂರನೆಯ ರಾತ್ರಿ ಎದೆಯು ಕಟ್ಟಿಕೊಂಡು ಕಲ್ಲಿನಂತಾಗಿ, ತೊಟ್ಟು ಒಡೆದು ನೆತ್ತರು ಜಿನುಗುತ್ತಿರಲು, ಮೊಲೆ ಹಿಡಿಯಲಾರದೆ ಚೀರುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಕಣ್ಣೀರಿಡುವ ಬಾಣಂತಿಯನ್ನು ಕಂಡವರು ಈ ನಂಬಿಕೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಮಗು ಅತ್ತರೆ ತಾಯಿ ಬರುವಳು. ತಾಯಿ ಅತ್ತರೆ ಬರತಕ್ಕವರು ಯಾರು? ಈ ಪ್ರಶ್ನೆಗೆ ಬೇರೆಬೇರೆ ಕಾಲಗಳಲ್ಲಿ ಜನರು ಕೊಟ್ಟ ಉತ್ತರಗಳನ್ನು ಕ್ರಮವಾಗಿ ನೋಡುವುದೇ ಈ ಲೇಖನದ ಉದ್ದೇಶವಾಗಿದೆ.

ಹಾಲು ಸುರಿಯುವುದು ಪ್ರಕೃತಿಯ ಧರ್ಮವೆಂಬುದು ನಿಜ. ಆದರೆ ಹಾಲೂಡುವುದು ಕಲಿಯಬೇಕಾದ ವಿದ್ಯೆ. ಕೂಸನ್ನು ಯಾವ ಪಕ್ಕಕ್ಕೆ ಒರಗಿಸಿಕೊಳ್ಳಬೇಕು, ತೊಟ್ಟನ್ನು ಮಾತ್ರವಲ್ಲದೆ ಅದರ ಸುತ್ತಣ ಕಪ್ಪು ಭಾಗವನ್ನೂ ಅದರ ಬಾಯಿಗೆ ಹೇಗೆ ಕೊಡಬೇಕು, ಅದು ಹಸಿವಿನಿಂದ ಅಳುತ್ತಿರುವುದೋ ಬೇರೊಂದು ಕಾರಣದಿಂದಲೋ ಎಂಬುದನ್ನು ಯಾವ ತಾಯಿಯೂ ಹುಟ್ಟುವಾಗಲೇ ಅರಿತು ಬಂದಿರುವುದಿಲ್ಲ. ಹಿಂದೆ ಹೆಣ್ಣುಮಕ್ಕಳು ಅಕ್ಕ ಅತ್ತಿಗೆಯರು ಮೊಲೆಯೂಡುವುದನ್ನು ದಿನವೂ ನೋಡುತ್ತ ಬೆಳೆಯುತ್ತಿದ್ದುದರಿಂದ ಈ ವಿದ್ಯೆಯು ಗುರುವಿಲ್ಲದೆಯೇ ಬಂದಂತೆ ತೋರುತ್ತಿದ್ದಿತು. ವಸ್ತುತಃ ಅದಕ್ಕೆ ಗುರುಗಳು ಇದ್ದರು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ.

ನಮ್ಮ ಪ್ರಾಚೀನ ವೈದ್ಯರು ಈ ಗುರುಗಳನ್ನು ಮರೆತಿರಲಿಲ್ಲವೆಂಬುದು ಸಂತೋಷದ ಸಂಗತಿ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗೃಹವನ್ನು ವರ್ಣಿಸುವಾಗ, ಅಲ್ಲಿರಬೇಕಾದ ಔಷಧಿ ಸಾಮಗ್ರಿಗಳ ಜೊತೆಯಲ್ಲಿಯೇ, ಅನೇಕ ಸಾರಿ ಹೆತ್ತು ಅನುಭವವುಳ್ಳ, ಸ್ನೇಹಶೀಲರಾದ, ಕಾರ್ಯಕುಶಲರಾದ ಹೆಂಗಸರು ಹಲವರು ಅಲ್ಲಿ ಇರತಕ್ಕದ್ದೆಂದು ವಿಧಿಸಲಾಗಿದೆ. ವೈದ್ಯನ ವಿದ್ಯೆಯೊಂದೇ ಸಾಲದು, ಹೆತ್ತವಳ ಬಳಿಯಲ್ಲಿ ಹೆತ್ತವರೇ ಇರಬೇಕು ಎಂಬ ಈ ವಿವೇಕವು ಗಮನಾರ್ಹವಾದುದು. ಸುಶ್ರುತಸಂಹಿತೆಯು ಇನ್ನೊಂದು ಹೆಜ್ಜೆ ಮುಂದೆ ಹೋಗುವುದು. ಕೋಪ, ಶೋಕ, ಮಗುವಿನಲ್ಲಿ ವಾತ್ಸಲ್ಯವಿಲ್ಲದಿರುವುದು ಮೊದಲಾದ ಕಾರಣಗಳಿಂದ ಸ್ತನ್ಯವು ಬತ್ತುವುದೆಂದು ಹೇಳಿ, ಅದಕ್ಕೆ ಚಿಕಿತ್ಸೆಯನ್ನು ಸೂಚಿಸುವಾಗ ಅಕ್ಕಿ, ಗೋದಿ, ಬೆಳ್ಳುಳ್ಳಿ, ಮೀನು ಮುಂತಾದ ಆಹಾರಗಳ ಪಟ್ಟಿಗೆ ಮುಂಚಿತವಾಗಿ ಆ ತಾಯಿಯಲ್ಲಿ 'ಸೌಮನಸ್ಯ'ವನ್ನು ಉಂಟುಮಾಡಬೇಕೆಂದು ಆದೇಶಿಸುವುದು. ಮೊದಲು ಮನಸ್ಸಿನ ನೆಮ್ಮದಿ, ಆಮೇಲೆ ಪಥ್ಯ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುವೆನು. ಮುಂದಿನ ಚರಿತ್ರೆಯೆಲ್ಲವೂ ಇದರ ಸುತ್ತಲೇ ತಿರುಗುವುದು.

ಪ್ರಾಚೀನರು ಹೇಳಿದುದೆಲ್ಲವೂ ಸರಿಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಮೂರು ನಾಲ್ಕು ರಾತ್ರಿಗಳು ಕಳೆದ ಮೇಲೆ ಹಾಲು ಚೆನ್ನಾಗಿ ಇಳಿಯುವುದೆಂಬ ಸುಶ್ರುತದ ಮಾತು ಇಂದಿನ ಶರೀರಶಾಸ್ತ್ರಕ್ಕೂ ಸಮ್ಮತವೇ. ಆದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಜೇನುತುಪ್ಪ ಮತ್ತು ತುಪ್ಪಗಳನ್ನು ನೆಕ್ಕಿಸುವ ವಿಧಿಯನ್ನು ಇಂದಿನ ವೈದ್ಯವು ಒಪ್ಪುವುದಿಲ್ಲ. ಮೊದಲ ದಿನಗಳಲ್ಲಿ ಬರುವ, ಹಳದಿಯಾಗಿ ಮಂದವಾಗಿರುವ ಹಾಲು ಅಳತೆಯಲ್ಲಿ ಕೆಲವು ಚಮಚೆಗಳಷ್ಟೇ ಆದರೂ, ರೋಗಗಳನ್ನು ತಡೆಯುವ ಶಕ್ತಿಯಲ್ಲಿ ಅದಕ್ಕೆ ಸಮಾನವಾದುದು ಬೇರೊಂದಿಲ್ಲ. ಎಳೆಗೂಸಿನ ಹೊಟ್ಟೆಗೆ ಅಷ್ಟೇ ಸಾಕು. ಅದನ್ನು ಚೀಪಿದಷ್ಟೂ ಮುಂದಿನ ಹಾಲಿಗೆ ದಾರಿಯಾಗುವುದು. ನಮ್ಮ ಅನೇಕ ಮನೆಗಳಲ್ಲಿ ಈ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲಿ, ಕೂಸಿಗೆ ಬೆಲ್ಲದ ನೀರನ್ನೋ ಹಸುವಿನ ಹಾಲನ್ನೋ ಹಾಕುತ್ತಿದ್ದುದು ಶೋಚನೀಯವಾದ ಸಂಗತಿ. ಹಸುವು ಈದಾಗ ಗಿಣ್ಣುಹಾಲನ್ನು ಆಸೆಪಟ್ಟು ಉಣ್ಣುವ ಜನರು ತಮ್ಮ ಕೂಸಿನ ಪಾಲಿನ ಗಿಣ್ಣನ್ನು ನೆಲಕ್ಕೆ ಚೆಲ್ಲಿದರಲ್ಲಾ ಎಂದು ವ್ಯಥೆಯಾಗುವುದು.

ಈ ದೋಷವನ್ನು ಬಿಟ್ಟರೆ, ನಮ್ಮ ಬಾಣಂತನವೆಂಬ ಏರ್ಪಾಡು ಹಾಲೂಡುವ ತಾಯಿಗೆ ದೊಡ್ಡ ಆಸರೆಯಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಚೊಚ್ಚಲ ಬಸುರಿಯನ್ನು ತವರಿಗೆ ಕರೆದುತರುವುದು, ಬಾಣಂತಿಯ ಕೋಣೆಯನ್ನು ಬೇರೆಯಾಗಿ ಅಣಿಮಾಡುವುದು, ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಕೊಬ್ಬರಿ ಉತ್ತತ್ತಿಗಳ ಅಂಟಿನುಂಡೆ, ಉತ್ತರದ ಜಿಲ್ಲೆಗಳಲ್ಲಿ ಅಳವಿಯ ಪಾಯಸ ಇವೆಲ್ಲವುಗಳಲ್ಲಿ ಯಾವುದರಿಂದ ಹಾಲು ಎಷ್ಟು ಹೆಚ್ಚುವುದೆಂಬ ಚರ್ಚೆ ಇಲ್ಲಿ ಬೇಡ. ಅವುಗಳನ್ನು ಮಾಡಿ ಬಡಿಸುವ ಕೈಯೊಂದು ಬಳಿಯಲ್ಲಿದ್ದಿತು. ಅಡಿಗೆ, ನೀರು, ಸೌದೆಗಳ ಚಿಂತೆ ಬಾಣಂತಿಗೆ ಇರಲಿಲ್ಲ. ನಡುರಾತ್ರಿಯಲ್ಲಿ ಕೂಸು ಅತ್ತರೆ 'ಇತ್ತ ಕೊಡು ಮಗಳೇ, ಹೀಗೆ ಹಿಡಿದುಕೊ' ಎನ್ನುವ ತಾಯಿಯೋ ಅಜ್ಜಿಯೋ ಪಕ್ಕದಲ್ಲಿಯೇ ಮಲಗಿದ್ದಳು. ಸುಶ್ರುತವು ಹೇಳಿದ ಸೌಮನಸ್ಯಕ್ಕೆ ಇದಕ್ಕಿಂತ ಬೇರೆ ಸಾಧನವುಂಟೆ? ಸೂಲಗಿತ್ತಿಯೂ ಕೂಸು ಹುಟ್ಟಿದೊಡನೆ ಕೈ ತೊಳೆದುಕೊಂಡು ಹೊರಟುಹೋಗುವವಳಲ್ಲ. ಕೂಸಿಗೆ ನೀರೆರೆಯುವುದರಿಂದ ಹಿಡಿದು ಬಾಣಂತಿಯ ಎದೆ ಕಟ್ಟಿದರೆ ಬಿಸಿನೀರಿನ ಕಾವು ಕೊಡುವವರೆಗೆ ಆಕೆಯ ಓಡಾಟ ನಡೆದೇ ಇರುತ್ತಿದ್ದಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸಾವಿರಾರು ಹೆರಿಗೆಗಳನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಾಗ, ಹೆಸರಿಲ್ಲದೆ ಹೋದ ಅಂಥ ಅಸಂಖ್ಯ ತಾಯಂದಿರಿಗೆ ಮನ್ನಣೆ ದೊರೆತಂತಾಯಿತು. ಆದರೆ ಈ ಆಸರೆಯು ಎಲ್ಲರಿಗೂ ಸಮನಾಗಿ ಒದಗುತ್ತಿದ್ದಿತೆಂದು ಹೇಳಲಾಗದು. ಹೆತ್ತ ಕೆಲವೇ ದಿನಗಳಲ್ಲಿ ಗದ್ದೆಗೋ ಕೂಲಿಗೋ ಹೋಗಬೇಕಾಗಿದ್ದ ಬಡವಳಿಗೆ ಬಾಣಂತಿಯ ಕೋಣೆಯೆಲ್ಲಿ, ಉತ್ತತ್ತಿಯ ಉಂಡೆಯೆಲ್ಲಿ!

ಇನ್ನು ಪಾಶ್ಚಾತ್ಯ ದೇಶಗಳ ಕಡೆಗೆ ತಿರುಗೋಣ. ಏಕೆಂದರೆ ನಮ್ಮ ಆಸ್ಪತ್ರೆಗಳ ಪದ್ಧತಿಗಳು ಬಹುಮಟ್ಟಿಗೆ ಅಲ್ಲಿಂದಲೇ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಹೆಚ್ಚಿ, ಹೆಂಗಸರು ದುಡಿಮೆಗಾಗಿ ಮನೆಯಿಂದ ಹೊರಟಾಗ ಶಿಶುಮರಣವು ಅಲ್ಲಿ ಭಯಂಕರವಾಗಿದ್ದಿತು. 1867ರಲ್ಲಿ ಸ್ವಿಟ್ಸರ್ಲೆಂಡಿನ ವೆವೇ ಪಟ್ಟಣದಲ್ಲಿ ಹೆನ್ರಿ ನೆಸ್ಲೆಯು ಹಾಲು ಮತ್ತು ಗೋದಿಗಳಿಂದ ಮಾಡಿದ ಶಿಶುವಿನ ಹಿಟ್ಟನ್ನು ಮಾರಾಟಕ್ಕೆ ತಂದನು. ತಾಯಿಯಿಲ್ಲದ ಕೂಸುಗಳಿಗೆ ಇಂಥ ಆಹಾರಗಳಿಂದ ಉಪಕಾರವಾದುದುಂಟು. ಆದರೆ ವ್ಯಾಪಾರವು ತಾಯಿಯಿಲ್ಲದ ಕೂಸುಗಳ ಬಳಿಯಲ್ಲಿಯೇ ನಿಲ್ಲಲಿಲ್ಲ. ಇದೇ ಕಾಲದಲ್ಲಿ ಇನ್ನೊಂದು ದಾರಿಯನ್ನು ಹಿಡಿದವರೂ ಇದ್ದರು. ಪ್ಯಾರಿಸಿನ ಶಾರಿತೇ ಆಸ್ಪತ್ರೆಯಲ್ಲಿ ಪಿಯೆರ್ ಬುದ್ಯಾಂ ಎಂಬ ವೈದ್ಯನು 1892ರಲ್ಲಿ ತನ್ನಲ್ಲಿ ಹೆರಿಗೆಯಾದ ತಾಯಂದಿರು ತಪ್ಪದೆ ಕೂಸುಗಳೊಡನೆ ಮರಳಿ ಬರುವಂತೆ ಏರ್ಪಡಿಸಿ, ಕೂಸನ್ನು ತೂಗಿ ನೋಡಿ, ಮೊಲೆಹಾಲನ್ನೇ ಮುಂದುವರಿಸುವಂತೆ ಪ್ರೋತ್ಸಾಹಿಸುತ್ತಿದ್ದನು.

ಆದರೆ ಒಳ್ಳೆಯ ಉದ್ದೇಶವೂ ಒಮ್ಮೊಮ್ಮೆ ವಿಪರೀತ ಫಲವನ್ನು ಕೊಡುವುದು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯನು 1907ರಲ್ಲಿ ಡನೀಡಿನ್ ನಗರದಲ್ಲಿ ತಾಯಿಮಕ್ಕಳ ಆರೋಗ್ಯಕ್ಕಾಗಿ ಪ್ಲಂಕೆಟ್ ಸಂಘವೆಂದು ಪ್ರಸಿದ್ಧವಾದ ಸಂಸ್ಥೆಯನ್ನು ಸ್ಥಾಪಿಸಿದನು. ಅದರ ದಾದಿಯರು ಮನೆಮನೆಗೂ ಹೋಗಿ ಬಾಣಂತಿಯರನ್ನು ಕಾಣುತ್ತಿದ್ದರು. ತಾಯಿಹಾಲೇ ಶ್ರೇಷ್ಠವೆಂಬುದು ಕಿಂಗನ ದೃಢವಾದ ನಂಬಿಕೆ. ಆದರೆ ನಾಲ್ಕು ಗಂಟೆಗಳಿಗೊಮ್ಮೆ ಮಾತ್ರ, ಗಡಿಯಾರವನ್ನು ನೋಡಿಕೊಂಡು ಊಡಬೇಕು, ರಾತ್ರಿಯಲ್ಲಿ ಕೂಡದು ಎಂಬುದು ಆತನ ಕಟ್ಟಳೆ. ಕೂಸು ಚೀಪಿದಷ್ಟು ಹಾಲು ಹುಟ್ಟುವುದೇ ಪ್ರಕೃತಿಯ ನಿಯಮವಾಗಿರುವಾಗ, ಗಡಿಯಾರಕ್ಕೆ ಕಾಯುತ್ತ ಕುಳಿತರೆ ಹಾಲು ಕುಗ್ಗದೆ ಇರುವುದೆ? ಆಸ್ಪತ್ರೆಗಳಲ್ಲಿ ಕೂಸುಗಳನ್ನು ತಾಯಂದಿರಿಂದ ಬೇರ್ಪಡಿಸಿ ದೊಡ್ಡದೊಂದು ಕೋಣೆಯಲ್ಲಿ ಸಾಲಾಗಿ ಮಲಗಿಸುವ ಪದ್ಧತಿಯೂ ಬಂದಿತು. ಹೀಗೆ ತಾಯಿ ಒಂದು ಕಡೆ, ಕೂಸು ಒಂದು ಕಡೆ, ಅವರಿಬ್ಬರ ನಡುವೆ ಗಡಿಯಾರವೂ ಸೀಸೆಯೂ ನಿಂತವು. 'ನಿನಗೆ ಹಾಲು ಸಾಲದು' ಎಂಬ ತೀರ್ಪನ್ನು ಕೇಳಿದ ತಾಯಿ ಅದು ತನ್ನ ಮೈಯ ದೋಷವೆಂದೇ ನಂಬಿದಳು.

ಈ ಸೀಸೆಯ ವ್ಯಾಪಾರವು ಬಡದೇಶಗಳಿಗೆ ಹಬ್ಬಿದಾಗ ಅದರ ವಿರುದ್ಧವಾಗಿ ದನಿಯೆತ್ತಿದವರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಅಗ್ರಗಣ್ಯರು. 1893ರಲ್ಲಿ ಜಮೈಕಾದಲ್ಲಿ ಹುಟ್ಟಿದ ಈಕೆ ಪಶ್ಚಿಮ ಆಫ್ರಿಕದಲ್ಲಿ ಶಿಶುಗಳ ಪೋಷಣೆಯ ಕೊರತೆಯಿಂದಾಗುವ ರೋಗವೊಂದನ್ನು ಗುರುತಿಸಿ, ಅಲ್ಲಿಯ ಜನರು ಕರೆಯುತ್ತಿದ್ದ ಕ್ವಾಷಿಯೋರ್ಕರ್ ಎಂಬ ಹೆಸರಿನಿಂದಲೇ ಅದನ್ನು ಲೋಕಕ್ಕೆ ತಿಳಿಸಿದವರು. ತರುವಾಯ ಮಲಯಕ್ಕೆ ಬಂದಾಗ, ದಾದಿಯರಂತೆ ಉಡುಪು ತೊಟ್ಟ ಹೆಂಗಸರು ಬಾಣಂತಿಯರ ಬಳಿಗೆ ಹೋಗಿ ಸಿಹಿಯಾದ ಡಬ್ಬಿಹಾಲನ್ನು ಹೊಗಳಿ ಒಪ್ಪಿಸುತ್ತಿದ್ದುದನ್ನು ಕಂಡರು. ನೆರವಿಗಾಗಿ ಹಂಬಲಿಸುತ್ತಿದ್ದ ತಾಯಿಗೆ ನೆರವಿನ ವೇಷದಲ್ಲಿಯೇ ವ್ಯಾಪಾರಿಯು ಬಂದಿದ್ದನು! 1939ರಲ್ಲಿ ಸಿಂಗಾಪುರದ ರೋಟರಿ ಸಂಘದಲ್ಲಿ ಅವರು ಮಾಡಿದ ಭಾಷಣದ ಹೆಸರೇ 'ಹಾಲು ಮತ್ತು ಕೊಲೆ'. ತಿಳಿದೂ ತಿಳಿದೂ ತಪ್ಪಾದ ಆಹಾರವನ್ನು ಪ್ರಚಾರಮಾಡಿ ಶಿಶುಗಳ ಸಾವಿಗೆ ಕಾರಣರಾಗುವವರನ್ನು ಕೊಲೆಗಾರರೆಂದೇ ಎಣಿಸಬೇಕೆಂದು ಅವರು ಆ ಸಭೆಯಲ್ಲಿ ನಿರ್ಭಯವಾಗಿ ನುಡಿದರು. ಮುಂದೆ ಯುದ್ಧದಲ್ಲಿ ಸಿಂಗಾಪುರವು 1942ರಲ್ಲಿ ಜಪಾನೀಯರ ವಶವಾಗಲು ಅವರೂ ಚಾಂಗಿಯಲ್ಲಿ ಸೆರೆಯಾದರು. ಡಬ್ಬಿಹಾಲಿಲ್ಲದ ಆ ಸೆರೆಮನೆಯಲ್ಲಿ ಹುಟ್ಟಿದ 20 ಕೂಸುಗಳೂ ತಾಯಿಹಾಲನ್ನೇ ಉಂಡು, 20 ಕೂಸುಗಳೂ ಬದುಕಿ ಉಳಿದವೆಂದು ಅವರು ಆಮೇಲೆ ಹೇಳುತ್ತಿದ್ದರು. ಹೊಟ್ಟೆಗೆ ಅರೆಪಾಲು ಅನ್ನವಿದ್ದರೂ ಒಬ್ಬರಿಗೊಬ್ಬರು ಜೊತೆಯಾಗಿದ್ದ ಆ ಹೆಂಗಸರ ನಡುವೆ, ಕೈಹಿಡಿದು ನಡಸುವ ವೈದ್ಯೆಯೂ ಇದ್ದರೆಂಬುದನ್ನು ನಾವು ಮರೆಯಬಾರದು.

ಮನಸ್ಸಿಗೂ ಹಾಲಿಗೂ ಇರುವ ಸಂಬಂಧವನ್ನು ಪ್ರಯೋಗದಿಂದ ಅಳೆದು ತೋರಿಸಿದವರು ಅಮೆರಿಕದ ಮೈಕೇಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ಎಂಬ ದಂಪತಿಗಳು. ಕರುವು ಮೊಲೆಗೆ ಗುದ್ದಿದೊಡನೆ ಹಸುವು ಸೊರ ಬಿಡುವುದನ್ನೂ, ಹೊಸಬರು ಕರೆಯಹೋದರೆ ಹಾಲನ್ನು ಮೇಲಕ್ಕೆ ಏರಿಸಿಕೊಂಡು ನಿಲ್ಲುವುದನ್ನೂ ನಮ್ಮ ಹಳ್ಳಿಗರೆಲ್ಲರೂ ಬಲ್ಲರು. ಮನುಷ್ಯರಲ್ಲಿಯೂ ಹೀಗೆಯೇ ಎಂಬುದನ್ನು ಈ ದಂಪತಿಗಳು 1948ರಲ್ಲಿ ಪ್ರಕಟಿಸಿದರು. ಒಬ್ಬ ತಾಯಿಯು ನೆಮ್ಮದಿಯಾಗಿ ಊಡಿದಾಗ ಕೂಸಿಗೆ ಸರಾಸರಿ 168 ಗ್ರಾಂ ಹಾಲು ದೊರಕಿತು. ಅವಳ ಕಾಲನ್ನು ಮಂಜಿನ ನೀರಿನಲ್ಲಿಡಿಸುವುದು, ಲೆಕ್ಕಗಳನ್ನು ಬಿಡದೆ ಕೇಳುವುದು ಮುಂತಾದ ಕಾಟಗಳನ್ನು ಕೊಟ್ಟಾಗ ಅದು 99 ಗ್ರಾಮಿಗೆ ಇಳಿಯಿತು. ಅದೇ ಕಾಟಗಳ ನಡುವೆ, ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಎಂಬ ರಸವನ್ನು ಸೂಜಿಯಿಂದ ಕೊಟ್ಟಾಗ ಮತ್ತೆ 153 ಗ್ರಾಮಿಗೆ ಏರಿತು. ಎಂದಮೇಲೆ ಹಾಲು ಎದೆಯಲ್ಲಿ ಇರಲಿಲ್ಲವೆಂದಲ್ಲ. ಕಳವಳವು ಅದನ್ನು ಹಿಡಿದು ನಿಲ್ಲಿಸಿದ್ದಿತು. ಸುಶ್ರುತವು ಸೌಮನಸ್ಯವೆಂದುದನ್ನೇ ಇವರು ತಕ್ಕಡಿಯಲ್ಲಿ ತೂಗಿದರೆನ್ನಬಹುದು.

ಇದಾದ ಎಂಟು ವರ್ಷಗಳಿಗೆ, 1956ರ ಬೇಸಗೆಯಲ್ಲಿ, ಅದೇ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಚರ್ಚಿನವರ ವನಭೋಜನದಲ್ಲಿ ಮೇರಿ ವೈಟ್ ಮತ್ತು ಮರಿಯನ್ ಟಾಂಪ್ಸನ್ ಎಂಬ ಇಬ್ಬರು ಗೃಹಿಣಿಯರು ಮರದ ನೆರಳಿನಲ್ಲಿ ಕುಳಿತು ಕೂಸುಗಳಿಗೆ ಹಾಲೂಡುತ್ತಿದ್ದರು. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಮಗೂ ಹೀಗೆ ಊಡಬೇಕೆಂಬ ಆಸೆ ಇದ್ದಿತು, ಆದರೆ ಆಗಲಿಲ್ಲ ಎಂದು ಹೇಳಿಕೊಂಡರಂತೆ. ಆಸೆಯಿದ್ದೂ ಆಗದೆ ಹೋದುದು ಏಕೆ ಎಂಬ ಯೋಚನೆಯಿಂದ ಏಳು ಮಂದಿ ತಾಯಂದಿರು ಸೇರಿ, ಫ್ರಾಂಕ್ಲಿನ್ ಪಾರ್ಕಿನ ಮೇರಿ ವೈಟರ ಮನೆಯಲ್ಲಿ ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಕೂಟವನ್ನು ನಡಸಿದರು. ಸ್ತನವೆಂಬ ಶಬ್ದವನ್ನು ಪತ್ರಿಕೆಯಲ್ಲಿ ಅಚ್ಚುಮಾಡಿಸುವುದೂ ಸಂಕೋಚವೆನಿಸಿದ್ದ ಆ ಕಾಲದಲ್ಲಿ, ಸ್ಪ್ಯಾನಿಷ್ ಭಾಷೆಯಲ್ಲಿ ಹಾಲಿಗೆ ಇರುವ ಹೆಸರನ್ನು ತೆಗೆದುಕೊಂಡು ತಮ್ಮ ಸಂಘಕ್ಕೆ 'ಲಾ ಲೆಚೆ ಲೀಗ್' ಎಂದು ಕರೆದರು. ಅವರಲ್ಲಿ ಔಷಧವಿರಲಿಲ್ಲ, ಧನವಿರಲಿಲ್ಲ. ಊಡಿ ತಿಳಿದವಳು ಊಡಲು ಕಲಿಯುವವಳ ಪಕ್ಕದಲ್ಲಿ ಕುಳಿತುಕೊಳ್ಳುವುದು, ಅವಳ ಮಾತನ್ನು ಕೇಳುವುದು, ನಡುರಾತ್ರಿಯಲ್ಲಿ ಟೆಲಿಫೋನು ಬಂದರೆ ಬೇಸರವಿಲ್ಲದೆ ಉತ್ತರ ಹೇಳುವುದು ಇಷ್ಟೇ ಅವರ ಬಂಡವಾಳ. 1970ರ ದಶಕದ ಆರಂಭದಲ್ಲಿ ಅಮೆರಿಕದ ತಾಯಂದಿರಲ್ಲಿ ನಾಲ್ವರಿಗೆ ಒಬ್ಬರಷ್ಟು ಮಾತ್ರ ಮೊಲೆಹಾಲನ್ನು ಊಡುತ್ತಿದ್ದರು. ಅಲ್ಲಿಂದ ಮುಂದೆ ಆ ಸಂಖ್ಯೆಯು ಏರತೊಡಗಿತು. ಆ ಏರಿಕೆಗೆ ಕಾರಣಗಳು ಹಲವಿದ್ದರೂ, ಲೋಕದ ಅನೇಕ ದೇಶಗಳಿಗೆ ಹಬ್ಬಿದ ಈ ಸಂಘದ ಪಾಲು ಅಲ್ಪವಲ್ಲ. ಚರಕವು ಸೂತಿಕಾಗೃಹದಲ್ಲಿ ಇರಬೇಕೆಂದ ಆ ಅನುಭವಿಗಳಾದ ಹೆಂಗಸರೇ ಸಾಗರದಾಚೆ ಬೇರೊಂದು ರೂಪದಲ್ಲಿ ಬಂದರೆಂದು ನನಗೆ ಅನಿಸುವುದು.

ಮುಂದಿನ ಸಂಗತಿಗಳು ಬಹಳ ಮಂದಿಗೆ ತಿಳಿದಿರುವುದರಿಂದ ಸಂಕ್ಷೇಪವಾಗಿ ಹೇಳುವೆನು. 1977ರಲ್ಲಿ ಡಬ್ಬಿಹಾಲಿನ ಪ್ರಚಾರದ ವಿರುದ್ಧ ಬಹಿಷ್ಕಾರದ ಚಳವಳಿ ಆರಂಭವಾಯಿತು. 1981ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಇಂಥ ವಸ್ತುಗಳ ಮಾರಾಟಕ್ಕೆ ಒಂದು ನಿಯಮಾವಳಿಯನ್ನು 118 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದುದು ಅಮೆರಿಕದ ಮತವೊಂದೇ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳು ಶಿಶುಸ್ನೇಹಿ ಆಸ್ಪತ್ರೆಗಳ ಯೋಜನೆಯನ್ನು ಹೊರಡಿಸಿದವು. ಅದರ ಹತ್ತು ಸೂತ್ರಗಳಲ್ಲಿ ತಾಯಿಮಕ್ಕಳನ್ನು ಬೇರ್ಪಡಿಸಬಾರದೆಂಬುದೊಂದು. ಮನೆಗೆ ಹೋದ ಮೇಲೂ ಆಕೆಗೆ ಆಸರೆಯಾಗುವ ತಾಯಂದಿರ ಕೂಟಗಳನ್ನು ಬೆಳಸಬೇಕೆಂಬುದು ಕೊನೆಯದು. ಭಾರತದಲ್ಲಿ 1992ರಲ್ಲಿ ಶಿಶುಗಳ ಕೃತಕ ಹಾಲು ಮತ್ತು ಹಾಲಿನ ಸೀಸೆಗಳ ಜಾಹೀರಾತನ್ನು ನಿಷೇಧಿಸುವ ಕಾನೂನಾಗಿ, 2003ರಲ್ಲಿ ಇನ್ನಷ್ಟು ಬಿಗಿಯಾಯಿತು.

ನಮ್ಮ ನಾಡಿನಲ್ಲಿ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸಾಗಿದ ಕಥೆಯೂ ದೀರ್ಘವಾದುದು. ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. 1975ರಲ್ಲಿ ದೇಶದ 33 ಕಡೆಗಳಲ್ಲಿ ಮೊದಲ ಅಂಗನವಾಡಿಗಳ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಸೇರಿದ್ದಿತು. 2005ರ ತರುವಾಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ನೇಮಕವಾದರು; 2011ರ ಏರ್ಪಾಡಿನಂತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಅವರು 42 ದಿನಗಳೊಳಗೆ ಆರು ಸಾರಿ ಹೋಗಿ ತಾಯಿಮಕ್ಕಳನ್ನು ವಿಚಾರಿಸಬೇಕು. ಹೆರಿಗೆಯಲ್ಲಿ ಸಾಯುವ ತಾಯಂದಿರ ಸಂಖ್ಯೆ ಇಳಿದುದು ಈ ವ್ಯವಸ್ಥೆಗಳ ದೊಡ್ಡ ಫಲವೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಲ್ಲಿ ಒಂದು ಸಂಗತಿ ಯೋಚನೆಗೆ ಎಡೆಗೊಡುವುದು. 2015-16ರಲ್ಲಿ ನೂರಕ್ಕೆ 78.9 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು, 2019-21ರಲ್ಲಿ 88.6. ಆದರೆ ಹುಟ್ಟಿದ ಒಂದು ಗಂಟೆಯೊಳಗಾಗಿ ಮೊಲೆ ಹಿಡಿದ ಕೂಸುಗಳು ಅಂದು ನೂರಕ್ಕೆ 41.6, ಆಮೇಲೆ 41.8! ಹಾಸಿಗೆ ಬಂದಿತು, ವೈದ್ಯರು ಬಂದರು, ಔಷಧವೂ ಬಂದಿತು. ಪಕ್ಕದಲ್ಲಿ ಕುಳಿತು ಕೂಸನ್ನು ಎದೆಗಿಡುವ ಕೈ ಮಾತ್ರ ಅಷ್ಟು ಬೇಗ ಬರಲಿಲ್ಲ. ಶಸ್ತ್ರಕ್ರಿಯೆಯ ಹೆರಿಗೆಗಳು ಹೆಚ್ಚಿದುದೂ ಇದಕ್ಕೆ ಒಂದು ಕಾರಣವಿರಬಹುದು. ಮೊದಲ ಆರು ತಿಂಗಳು ತಾಯಿಹಾಲನ್ನು ಮಾತ್ರವೇ ಉಣ್ಣುವ ಕೂಸುಗಳ ಪ್ರಮಾಣವು ಇದೇ ಅವಧಿಯಲ್ಲಿ 54.9ರಿಂದ 63.7ಕ್ಕೆ ಏರಿರುವುದು ಆಶಾದಾಯಕವಾಗಿದೆ.

ಆ ಕೈಯ ಬೆಲೆ ಎಷ್ಟೆಂಬುದಕ್ಕೆ ನೆರೆಯ ಬಾಂಗ್ಲಾದೇಶದಿಂದ ಒಂದು ನಿದರ್ಶನವನ್ನು ಕೊಡುವೆನು. ಢಾಕಾ ನಗರದಲ್ಲಿ ಸಾಧಾರಣ ಹೆಂಗಸರಿಗೇ ಕೆಲವು ದಿನಗಳ ಶಿಕ್ಷಣವನ್ನು ಕೊಟ್ಟು, ಬಸುರಿನ ಕೊನೆಯ ತಿಂಗಳುಗಳಿಂದ ಕೂಸಿಗೆ ಐದು ತಿಂಗಳಾಗುವವರೆಗೆ 15 ಸಾರಿ ಬಾಣಂತಿಯರ ಮನೆಗಳಿಗೆ ಕಳುಹಿಸಲಾಯಿತು. ಅವರು ಹೋದ ಮನೆಗಳಲ್ಲಿ ಐದನೆಯ ತಿಂಗಳಿನಲ್ಲಿ ನೂರಕ್ಕೆ 70 ತಾಯಂದಿರು ಬರಿಯ ಮೊಲೆಹಾಲನ್ನೇ ಊಡುತ್ತಿದ್ದರು. ಯಾರೂ ಹೋಗದಿದ್ದ ಕಡೆಗಳಲ್ಲಿ ನೂರಕ್ಕೆ 6 ಮಂದಿ ಮಾತ್ರ. 2000ದಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದವರು 'ನಿನಗೆ ಹಾಲಿಲ್ಲ' ಎಂಬ ಮಾತನ್ನು ಬಾಣಂತಿಗೆ ಹೇಳುವ ಮುನ್ನ ನೂರು ಸಾರಿ ಯೋಚಿಸದೆ ಇರಲಾರರು.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕುದೇನು? ಹಾಲಿನ ಊಟೆ ತಾಯಿಯ ಮೈಯಲ್ಲಿದೆ; ಆದರೆ ಅದು ಹರಿಯುವುದಕ್ಕೆ ಬೇಕಾದ ನೆಮ್ಮದಿ ಆಕೆಯೊಬ್ಬಳ ಕೈಯಲ್ಲಿಲ್ಲ, ಸುತ್ತಲಿನವರ ಕೈಯಲ್ಲಿದೆ. ಇಂದು ತವರು ದೂರ, ಅಜ್ಜಿಯರು ವಿರಳ, ಗಂಡಹೆಂಡಿರಿಬ್ಬರೇ ಇರುವ ಮನೆಗಳು ಹೆಚ್ಚು. 2017ರ ತಿದ್ದುಪಡಿಯಿಂದ ಬಾಣಂತಿಯ ರಜೆಯು 26 ವಾರಗಳಾಗಿದ್ದರೂ, ಹೊಲದಲ್ಲಿಯೂ ಕಟ್ಟಡಗಳಲ್ಲಿಯೂ ದಿನಗೂಲಿ ಮಾಡುವ ತಾಯಿಗೆ ಅದು ಮುಟ್ಟುವುದು ಅಪರೂಪ. ಹಾಲು ಸಾಲದಾದರೆ ತೂಕವನ್ನು ನೋಡಿ ವೈದ್ಯರು ಬೇರೆ ಏರ್ಪಾಡನ್ನು ಹೇಳುವರು. ಹಾಗೆ ಊಡಲಾಗದ ತಾಯಂದಿರೂ ಕೆಲವರು ಇರುವರು, ಅವರನ್ನು ದೂರುವುದು ಕ್ರೌರ್ಯವೇ ಸರಿ. ಆದರೆ ಊಡಬಲ್ಲವಳು ಊಡಲಾರದೆ ಹೋದರೆ, ಆ ಸೋಲು ಅವಳದಲ್ಲ, ಬಳಿಯಲ್ಲಿರಬೇಕಾಗಿದ್ದ ನಮ್ಮದು. ಗಂಡನು ರಾತ್ರಿ ಎದ್ದು ಒಂದು ಲೋಟ ನೀರನ್ನು ತಂದಿಡಬಹುದು. ಅತ್ತೆಯು ಮೊದಲ ಹಾಲನ್ನು ಚೆಲ್ಲಿಸದೆ ಕೂಸಿಗೆ ಕೊಡಿಸಬಹುದು. ಬಾಣಂತಿಯನ್ನು ನೋಡಲು ಬಂದ ನೆರೆಯವಳು 'ಕೂಸು ಸೊರಗಿದೆ' ಎನ್ನುವ ಬದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು, ತಾನು ಹೇಗೆ ಕಲಿತೆನೆಂಬುದನ್ನು ಹೇಳಬಹುದು. ಮಗು ಅತ್ತಾಗ ತಾಯಿ ಏಳುವಂತೆ, ತಾಯಿ ಅತ್ತಾಗ ಏಳುವವರೊಬ್ಬರು ಪ್ರತಿಯೊಂದು ಮನೆಯಲ್ಲಿಯೂ ಇರಲಿ.